ಛತ್ರದ ಅನ್ನ ತಿಂದ ಹಸು ಮಲಗೋದ್ಯಾಕೆ? ಹೊಟ್ಟೆಯೊಳಗಿನ ಕೋಟಿ ಜೀವಿಗಳ ಕಥೆ

ಚಾಂಪಿಯನ್ ರೀಫ್ಸ್: ಮದುವೆ ಸೀಸನ್ ಬಂತೆಂದರೆ ಛತ್ರಗಳ ಹಿಂದೆ ಮಿಕ್ಕಿದ ಅನ್ನ ರಾಶಿ ಬೀಳುತ್ತೆ. ಬೀದಿ ಹಸುಗಳು ನುಗ್ಗುತ್ತವೆ. ಕೆಲವರು ಬಕೆಟ್‌ನಲ್ಲಿ ತುಂಬಿಕೊಂಡು ಹೋಗಿ ಮನೆ ಹಸುವಿಗೂ ಹಾಕುತ್ತಾರೆ. ಮಾರನೇ ದಿನ ಹಸು ಮೆಲುಕು ಹಾಕಲ್ಲ, ಹೊಟ್ಟೆ ಉಬ್ಬಿರುತ್ತೆ, ಡೈರಿಗೆ ಹಾಕೋ ಹಾಲು ಇಳಿಯುತ್ತೆ. ಜಾಸ್ತಿ ತಿಂದಿದ್ದರೆ ಜೀವವೇ ಹೋಗುತ್ತೆ. ದೃಷ್ಟಿ ಆಗಿದೆ ಅಂತ ನಿವಾಳಿಸೋರೂ ಇದ್ದಾರೆ. ನಿಜವಾದ ಕಾರಣ ಹಸುವಿನ ಮೊದಲ ಹೊಟ್ಟೆಯಲ್ಲಿದೆ.

ರಾಗಿ ಹುಲ್ಲನ್ನು ಹಸು ತಾನೇ ಅರಗಿಸಿಕೊಳ್ಳಲ್ಲ. ಆ ಕೆಲಸ ಮಾಡೋದು ಬ್ಯಾಕ್ಟೀರಿಯಾ, ಶಿಲೀಂಧ್ರ ಮತ್ತು ಸಿಲಿಯೇಟ್ ಎಂಬ ಒಂದೇ ಕೋಶದ ಜೀವಿಗಳು. ಒಂದು ಮಿಲಿ ಲೀಟರ್ ಹೊಟ್ಟೆ ರಸದಲ್ಲಿ ಹತ್ತು ಸಾವಿರದಿಂದ ಹತ್ತು ಲಕ್ಷದವರೆಗೆ ಸಿಲಿಯೇಟ್ ಇರುತ್ತವೆ. ಮೈಮೇಲಿನ ಸಣ್ಣ ಕೂದಲಿನಂಥ ಸಿಲಿಯಾ ಆಡಿಸಿ ಈಜುತ್ತವೆ, ಆಹಾರ ಬಾಯಿಗೆ ಎಳೆದುಕೊಳ್ಳುತ್ತವೆ.

ಈ ಕೂದಲಿನ ಮೇಲೂ ತೆಳ್ಳನೆ ಕೊಬ್ಬಿನ ಪೊರೆ ಇದೆ. ನಮ್ಮ ಜೀವಕೋಶದ ಪೊರೆಯ ಕೊಬ್ಬಿನಲ್ಲಿ ರಂಜಕ ಮತ್ತು ಇಂಗಾಲದ ನಡುವೆ ಆಮ್ಲಜನಕದ ಒಂದು ಕೊಂಡಿ ಇರುತ್ತೆ. ಸಾಮಾನ್ಯ ಜೀರ್ಣರಸ ಅದನ್ನು ಕತ್ತರಿಸಿಬಿಡುತ್ತೆ. ಆದರೆ 1959ರಲ್ಲಿ ಜಪಾನಿನ ಹೊರಿಗುಚಿ ಮತ್ತು ಕಂಡತ್ಸು ಎಂಬಿಬ್ಬರು ಕುರಿ ಹೊಟ್ಟೆಯ ಸಿಲಿಯೇಟ್‌ಗಳಲ್ಲಿ ಇಂಗಾಲಕ್ಕೆ ರಂಜಕ ನೇರವಾಗಿ ಅಂಟಿಕೊಂಡ ಒಂದು ವಸ್ತು ಕಂಡರು. ಅಂಥ ಕೊಂಡಿ ಜೀವಿಗಳಲ್ಲಿ ಸಿಕ್ಕಿದ್ದು ಅದೇ ಮೊದಲು. ಕೊಬ್ಬಿನಲ್ಲಿ ಈ ಕೊಂಡಿ ಇದ್ದರೆ ಅದು ಫಾಸ್ಫೋನೋಲಿಪಿಡ್.

ಟೆಟ್ರಾಹೈಮಿನಾ ಎಂಬ ಕೆರೆ ನೀರಿನ ಸಿಲಿಯೇಟ್ ಮೇಲೆ 1971ರಲ್ಲಿ ನೊಝಾವಾ ಮತ್ತು ಥಾಂಪ್ಸನ್ ಪರೀಕ್ಷೆ ಮಾಡಿದಾಗ, ಈ ಗಟ್ಟಿ ಕೊಬ್ಬು ಒಳಗಿನ ಪೊರೆಗಳಿಗಿಂತ ಹೊರಮೈ ಮತ್ತು ಸಿಲಿಯಾ ಪೊರೆಯಲ್ಲಿ ಹೆಚ್ಚಿತ್ತು. ಟೆಟ್ರಾಹೈಮಿನಾ ಜೀರ್ಣರಸವನ್ನು ಹೊರಕ್ಕೆ ಬಿಡುವ ಜೀವಿ. ಅದು ತನ್ನ ಮೈಯನ್ನೇ ಸುಡದಿರಲಿ ಅಂತ ಈ ಪೊರೆ ಎಂಬ ವಿವರಣೆ ಇದೆ. ಕೊಲೆಸ್ಟ್ರಾಲ್ ಬದಲು ಟೆಟ್ರಾಹೈಮನಾಲ್ ಎಂಬ ತನ್ನದೇ ವಸ್ತು ಮಾಡಿಕೊಳ್ಳುತ್ತೆ. ಹೊರಗಿಂದ ಕೊಲೆಸ್ಟ್ರಾಲ್ ಸಿಕ್ಕರೆ ಆ ತಯಾರಿಕೆ ನಿಲ್ಲಿಸುತ್ತೆ. ಲೆಕ್ಕಾಚಾರದ ಜೀವಿ!

ಇಷ್ಟು ಗಟ್ಟಿ ಪೊರೆಯೂ ಹುಳಿಯ ಮುಂದೆ ನಿಲ್ಲಲ್ಲ. ಅನ್ನ, ಹಿಟ್ಟು ಒಮ್ಮೆಲೇ ಬಿದ್ದರೆ ಬ್ಯಾಕ್ಟೀರಿಯಾ ಅದನ್ನು ಬೇಗ ಹುಳಿ ಮಾಡುತ್ತವೆ. ಸ್ವಲ್ಪವಾದರೆ ಸಿಲಿಯೇಟ್‌ಗಳು ಪಿಷ್ಟದ ಕಣ ನುಂಗಿ ಹುಳಿಯೋದನ್ನು ನಿಧಾನ ಮಾಡುತ್ತವೆ. ಬಕೆಟ್‌ಗಟ್ಟಲೆ ಬಿದ್ದು ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಅವೇ ಸಾಯುತ್ತವೆ, ತಡೆಯೋರು ಇಲ್ಲದಾಗುತ್ತೆ. ಮುಸುರೆ ಹಾಕಲೇಬೇಕೆಂದರೆ ಹುಲ್ಲು ತಿಂದ ಮೇಲೆ ಒಂದಿಷ್ಟೇ.

ಫ್ಯಾಟ್ ಬರಲಿ ಅಂತ ದಿನಾ ಎಣ್ಣೆ ಹಾಕೋದೂ ಉಲ್ಟಾ ಹೊಡೆಯುತ್ತೆ. ಎಣ್ಣೆಗೂ ಸಿಲಿಯೇಟ್ ಕಡಿಮೆಯಾಗುತ್ತವೆ. ಒಣ ಮೇವಿನ ಲೆಕ್ಕದಲ್ಲಿ ಒಟ್ಟು ಕೊಬ್ಬು ನೂರಕ್ಕೆ ಆರೇಳು ಭಾಗ ದಾಟಿದರೆ ನಾರು ಅರಗಲ್ಲ.

ಹಾಗಂತ ಸಿಲಿಯೇಟ್ ಇಲ್ಲದೆ ಹಸು ಬದುಕಲ್ಲ ಅಂತಲ್ಲ, ಬದುಕುತ್ತೆ. ಮೀಥೇನ್ ಗ್ಯಾಸ್ ಮಾಡೋ ಜೀವಿಗಳಿಗೆ ಜಾಗ ಕೊಡೋದೂ ಇವೇ. ಕರುವಿಗೆ ಇವು ಹುಟ್ಟಿನಿಂದ ಬರಲ್ಲ, ತಾಯಿ ನೆಕ್ಕಿದಾಗ ಎಂಜಲಿನಲ್ಲಿ ಬರುತ್ತವೆ. ಹೊಟ್ಟೆ ಕೆಟ್ಟ ಹಸುವಿಗೆ ಆರೋಗ್ಯವಾಗಿರೋ ಹಸುವಿನ ಹೊಟ್ಟೆ ರಸ ಕುಡಿಸೋ ಚಿಕಿತ್ಸೆಯೂ ಉಂಟು, ಆದರೆ ಅದು ಪಶು ವೈದ್ಯರ ಕೆಲಸ. ಅನ್ನ ತಿಂದು ಹಸು ಮಲಗಿದರೆ ಬೆಳಗಾಗಲಿ ಅಂತ ಕಾಯದೆ ಫೋನ್ ಮಾಡಿ.