ಇಪ್ಪತ್ತೊಂದನೆಯ ಮನೆ

2024ರ ಜುಲೈ 19, ಶುಕ್ರವಾರ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಹಲವು ವಿಮಾನ ಸಂಸ್ಥೆಗಳ ಚೆಕ್-ಇನ್ ವ್ಯವಸ್ಥೆ ಕೈಕೊಟ್ಟಿತು. ದೇಶದ ಕೆಲವೆಡೆ ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತುಹೋಗಿದ್ದವು. ಸೈಬರ್ ದಾಳಿಯೇ ಇರಬೇಕೆಂದು ಅನೇಕರು ಹೆದರಿದರು. ಆದರೆ ಯಾರೂ ದಾಳಿ ಮಾಡಿರಲಿಲ್ಲ. ಎಣಿಕೆಯಲ್ಲಿ ಒಂದು ತಪ್ಪಿತ್ತು, ಅಷ್ಟೆ.

ಸಾಮಾನ್ಯ ಪ್ರೋಗ್ರಾಂ ಎಡವಿದರೆ ಅದೊಂದೇ ಮುಚ್ಚಿಕೊಳ್ಳುತ್ತದೆ. ಡ್ರೈವರ್ ಎಂಬ ವಿಶೇಷ ಪ್ರೋಗ್ರಾಂ ಹಾಗಲ್ಲ. ಅದು ಕೆಲಸ ಮಾಡುವುದು ಆಪರೇಟಿಂಗ್ ಸಿಸ್ಟಮ್‌ನ ಗರ್ಭಗುಡಿಯಾದ ಕರ್ನೆಲ್‌ನಲ್ಲಿ. ಅಲ್ಲಿ ಎಡವಿದರೆ ಇಡೀ ಯಂತ್ರವೇ ಕುಸಿಯುತ್ತದೆ. ಹೊರಗಿನಿಂದ ಡ್ರೈವರ್‌ಗೆ ಮಾಹಿತಿ ಹೋಗುವುದು ಸಾಲಾಗಿ ಜೋಡಿಸಿದ ಬೈಟ್‌ಗಳ ರೂಪದಲ್ಲಿ. ಅರ್ಜಿ ಫಾರಂನಲ್ಲಿ ಹೆಸರಿಗೆ, ವಯಸ್ಸಿಗೆ, ಪಿನ್‌ಕೋಡಿಗೆ ಚೌಕದ ಮನೆಗಳಿರುತ್ತವಲ್ಲ, ಹಾಗೆ. ಆದರೆ ಇಲ್ಲಿ ಮನೆಗಳ ಮೇಲೆ ಯಾವ ಹೆಸರೂ ಇರುವುದಿಲ್ಲ. ಯಾವ ಮನೆ ಎಲ್ಲಿ ಶುರುವಾಗುತ್ತದೆ, ಒಟ್ಟು ಎಷ್ಟಿವೆ ಎಂಬುದನ್ನು ಬರೆಯುವವರೂ ಓದುವವರೂ ಮೊದಲೇ ಒಪ್ಪಿಕೊಂಡಿರಬೇಕು.

ಆ ಶುಕ್ರವಾರ ಮುರಿದದ್ದು ಈ ಒಪ್ಪಂದ. ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶದ ಒಂದು ನಮೂನೆಯಲ್ಲಿ 21 ಮನೆಗಳಿದ್ದವು. ಅದಕ್ಕೆ ಮಾಹಿತಿ ತುಂಬುವ ಕೋಡ್ ಕೊಡುತ್ತಿದ್ದದ್ದು 20 ಮಾತ್ರ. ಇಪ್ಪತ್ತೊಂದನೆಯದರಲ್ಲಿ ಏನಿದ್ದರೂ ಸರಿ ಎಂಬ ಸೂಚನೆ ಇದ್ದುದರಿಂದ ಅದನ್ನು ಯಾರೂ ಇಣುಕಿ ನೋಡಲಿಲ್ಲ, ದೋಷ ತಿಂಗಳುಗಟ್ಟಲೆ ಅಡಗಿ ಕುಳಿತಿತ್ತು. ಭಾರತೀಯ ಕಾಲಮಾನ ಬೆಳಗ್ಗೆ 9.39ಕ್ಕೆ ಹೊರಟ ಹೊಸ ಕಡತ, ಆ ಮನೆಯನ್ನೂ ಪರೀಕ್ಷಿಸು ಎಂದಿತು. ಆ ತಂತ್ರಾಂಶದ ಡ್ರೈವರ್, ಇಲ್ಲದೇ ಇದ್ದ ಮನೆಗೆ ಕೈಹಾಕಿತು, ಮೆಮೊರಿಯಲ್ಲಿ ಸಿಕ್ಕಿದ್ದನ್ನೇ ವಿಳಾಸವೆಂದು ನಂಬಿ ಓದಲು ಹೋಯಿತು, ವಿಂಡೋಸ್ ಎಲ್ಲವನ್ನೂ ನಿಲ್ಲಿಸಿತು. 78 ನಿಮಿಷಗಳಲ್ಲಿ ಕಡತವನ್ನು ಹಿಂಪಡೆದರು. ಬಿದ್ದ ಯಂತ್ರಗಳು ಮಾತ್ರ ತಾವಾಗಿ ಏಳಲಿಲ್ಲ. ಸಿಬ್ಬಂದಿ ಅವುಗಳ ಮುಂದೆ ಕುಳಿತು ಸೇಫ್ ಮೋಡ್‌ನಲ್ಲಿ ಆ ಕಡತವನ್ನು ಅಳಿಸಬೇಕಾಯಿತು.

ಸುದ್ದಿಯಾಗದ ಇಂಥ ತಕರಾರುಗಳು ಡ್ರೈವರ್ ಬರೆಯುವವರಿಗೆ ದಿನನಿತ್ಯದ ಮಾತು. ಮೊದಲು 4 ಬೈಟ್‌ನ ಒಂದು ಸಂಖ್ಯೆ, ಅದರ ಬೆನ್ನಿಗೆ 8 ಬೈಟ್‌ನ ಇನ್ನೊಂದು ಎಂದುಕೊಳ್ಳಿ. ಲಿನಕ್ಸ್‌ನಲ್ಲಿ 32 ಬಿಟ್ ಇಂಟೆಲ್ ಯಂತ್ರಕ್ಕೆಂದು ಬರೆದ ಪ್ರೋಗ್ರಾಂ ಇವೆರಡನ್ನೂ ಒತ್ತಾಗಿ 12 ಬೈಟ್‌ಗಳಲ್ಲಿ ಇಡುತ್ತದೆ. 64 ಬಿಟ್ ಕರ್ನೆಲ್ ನಡುವೆ 4 ಬೈಟ್ ಖಾಲಿ ಬಿಟ್ಟು 16 ಎಂದು ಎಣಿಸುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತೆ! ಮೊದಲ ಸಂಖ್ಯೆ ಸರಿಯಾಗಿಯೇ ತಲಪುತ್ತದೆ, ಎರಡನೆಯದು ಕಸವಾಗಿ ಕಾಣುತ್ತದೆ. ಅನುಮಾನ ಮಾತ್ರ ಪಾಪದ ಹಾರ್ಡ್‌ವೇರ್ ಮೇಲೆ, ಕೇಬಲ್ ಮೇಲೆ ಹೋಗುತ್ತದೆ.

ಪತ್ತೆಯ ದಾರಿ ಸರಳ, ಅದಕ್ಕೆ ಬೇಕಾದದ್ದು ತಾಳ್ಮೆ. ಮೊದಲು ಪ್ರೋಗ್ರಾಂ, ಡ್ರೈವರ್ ಎರಡೂ ಕಡೆ ಆ ಎರಡು ಸಂಖ್ಯೆಗಳ ರಚನೆಯ ಗಾತ್ರವನ್ನು ಮುದ್ರಿಸಿ ನೋಡಬೇಕು. 12 ಮತ್ತು 16 ಎಂದು ಬಂದರೆ ಅರ್ಧ ಕೆಲಸ ಮುಗಿಯಿತು. ಆಮೇಲೆ ನಿಜವಾದ ಮಾಹಿತಿಯ ಬದಲು ಗುರುತಿನ ಸಂಖ್ಯೆ ತುಂಬಿ ಕಳಿಸಬೇಕು. ಹೆಕ್ಸ್‌ನಲ್ಲಿ 1122334455667788 ಕಳಿಸಿದರೆ ಇಂಟೆಲ್ ಯಂತ್ರ ಅದನ್ನು ತಲೆಕೆಳಗಾಗಿ, 88ರಿಂದ ಶುರುಮಾಡಿ ಮೆಮೊರಿಯಲ್ಲಿ ಇಡುತ್ತದೆ. ಡ್ರೈವರ್ ತನಗೆ ಬಂದ ಬೈಟ್‌ಗಳನ್ನು ಒಂದೊಂದಾಗಿ ತೋರಿಸಿದಾಗ, 88 ಇರಬೇಕಾದ ಜಾಗದಲ್ಲಿ 44 ಕಂಡರೆ ಓದು ಸರಿಯಾಗಿ ನಾಲ್ಕು ಬೈಟ್ ಮುಂದೆ ಜಾರಿದೆ ಎಂದರ್ಥ. ಮಾಹಿತಿ ಕೆಟ್ಟಿಲ್ಲ, ಓದುವ ಜಾಗ ತಪ್ಪಿದೆ. ಈ ಒಂದು ಅರಿವು ಎಷ್ಟೋ ರಾತ್ರಿಗಳ ನಿದ್ದೆ ಉಳಿಸಬಲ್ಲದು.

ಲಿನಕ್ಸ್ ಇದಕ್ಕೊಂದು ಜಾಣ ಉಪಾಯ ಮಾಡಿದೆ. ಡ್ರೈವರ್‌ಗೆ ಕೊಡುವ ಆಜ್ಞೆಯ ಸಂಖ್ಯೆಯಲ್ಲೇ ರಚನೆಯ ಗಾತ್ರವನ್ನೂ ಸೇರಿಸುವ ಪದ್ಧತಿ ಅಲ್ಲಿದೆ. ಗಾತ್ರ ಬದಲಾದರೆ ಆಜ್ಞೆಯ ಸಂಖ್ಯೆಯೂ ಬದಲಾಗುತ್ತದೆ, ಡ್ರೈವರ್ ಅದನ್ನು ಗುರುತಿಸದೆ ವಾಪಸ್ ಕಳಿಸುತ್ತದೆ. ತಪ್ಪಾಗಿ ಓದುವುದಕ್ಕಿಂತ ಓದಲಾರೆ ಎನ್ನುವುದು ಸಾವಿರ ಪಾಲು ಮೇಲು.

ಕ್ರೌಡ್‌ಸ್ಟ್ರೈಕ್ ತನ್ನ ತನಿಖಾ ವರದಿಯನ್ನು ಆಗಸ್ಟ್ 6ರಂದು ಪ್ರಕಟಿಸಿತು. ಮನೆಗಳ ಎಣಿಕೆಯನ್ನು ಕಂಪೈಲ್ ಹಂತದಲ್ಲೇ ತಾಳೆ ನೋಡುವ ಏರ್ಪಾಡು, ಓದುವ ಮುನ್ನ ಮಿತಿ ಪರೀಕ್ಷಿಸುವ ಕೋಡ್, ಹೊಸ ಕಡತಗಳನ್ನು ಹಂತಹಂತವಾಗಿ ಕಳಿಸುವ ಕ್ರಮ ಅದರಲ್ಲಿದ್ದವು.