ಡೋಪಮೀನ್, ನರಸಂಧಿಗಳ ನಮ್ಯತೆ ಮತ್ತು ಸಂಶೋಧನಾ ಅನುದಾನ: ಒಂದು ಪರಿಶೀಲನೆ

ಮಾನವನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆಯೆಂದು ಅಂದಾಜು ಮಾಡಲಾಗಿದೆ. ಇವುಗಳಲ್ಲಿ ಡೋಪಮೀನ್ ಎಂಬ ರಾಸಾಯನಿಕವನ್ನು ಉತ್ಪಾದಿಸುವ ಕೋಶಗಳು ಕೆಲವೇ ಲಕ್ಷ. ಸಂಖ್ಯೆಯಲ್ಲಿ ಇಷ್ಟು ಅಲ್ಪವಾದ ಈ ಕೋಶಗಳು ನಶಿಸತೊಡಗಿದರೆ ಕೈ ನಡುಗುತ್ತದೆ, ಹೆಜ್ಜೆ ಕಿರಿದಾಗುತ್ತದೆ, ಮುಖ ಭಾವಹೀನವಾಗುತ್ತದೆ. ಪಾರ್ಕಿನ್ಸನ್ ಕಾಯಿಲೆಯ ಮುಖ್ಯ ಲಕ್ಷಣಗಳಿವು. ಇದೇ ಡೋಪಮೀನ್ ಕಲಿಕೆಯಲ್ಲಿಯೂ ವ್ಯಸನದಲ್ಲಿಯೂ ಪ್ರಮುಖ ಪಾತ್ರ ವಹಿಸುತ್ತದೆ. ಈ ವಸ್ತುವಿನ ಅಧ್ಯಯನಕ್ಕೆ ಹಣ ಎಲ್ಲಿಂದ ಬಂತು, ಯಾವ ಉದ್ದೇಶಕ್ಕಾಗಿ ಬಂತು, ಎಷ್ಟು ಕಾಲ ಬಂತು ಎಂಬ ಪ್ರಶ್ನೆಗಳು ವಿಜ್ಞಾನದ ಇತಿಹಾಸಕ್ಕೆ ಎಷ್ಟು ಸಂಬಂಧಿಸಿವೆಯೋ ಇಂದಿನ ವಿಜ್ಞಾನ ನೀತಿಗೂ ಅಷ್ಟೇ ಸಂಬಂಧಿಸಿವೆ. ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಗಳನ್ನು ಪರಿಶೀಲಿಸಲಾಗಿದೆ.

ಡೋಪಮೀನ್ ಶೋಧದ ಹಿನ್ನೆಲೆ

ಡೋಪಮೀನನ್ನು 1910ರಲ್ಲಿಯೇ ಲಂಡನ್ನಿನ ವೆಲ್‌ಕಮ್ ಪ್ರಯೋಗಾಲಯದಲ್ಲಿ ಸಂಶ್ಲೇಷಿಸಲಾಗಿತ್ತು. ಆದರೆ ನಂತರದ ಸುಮಾರು ಐದು ದಶಕಗಳ ಕಾಲ ಅದನ್ನು ನಾರ್‌ಅಡ್ರಿನಲಿನ್ ತಯಾರಾಗುವ ಮಾರ್ಗದಲ್ಲಿ ಬರುವ ಒಂದು ಮಧ್ಯಂತರ ವಸ್ತು ಎಂದಷ್ಟೇ ಪರಿಗಣಿಸಲಾಗುತ್ತಿತ್ತು. ಈ ತಿಳಿವಳಿಕೆ ಬದಲಾಗಲು ಭಾರತದ ಒಂದು ಗಿಡಮೂಲಿಕೆ ಕಾರಣವಾಯಿತು. ಸರ್ಪಗಂಧದ ಬೇರು ರಕ್ತದೊತ್ತಡವನ್ನು ತಗ್ಗಿಸುವುದೆಂಬ ಅಂಶವನ್ನು ಮುಂಬಯಿಯ ವೈದ್ಯ ರುಸ್ತುಮ್ ಜಾಲ್ ವಕೀಲ್ ಅವರು 1949ರಲ್ಲಿ ಬ್ರಿಟಿಷ್ ಹೃದ್ರೋಗ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಸಂಸ್ಥೆಯ ವಿಜ್ಞಾನಿಗಳು ಆ ಬೇರಿನಿಂದ ರೆಸರ್ಪಿನ್ ಎಂಬ ಸಾರವಸ್ತುವನ್ನು ಪ್ರತ್ಯೇಕಿಸಿದರು. ರೆಸರ್ಪಿನ್ ಪಡೆದ ಪ್ರಾಣಿಗಳು ಚಲನೆಯನ್ನೇ ಕಳೆದುಕೊಂಡು ಜಡವಾಗುತ್ತಿದ್ದವು. ಅದರ ಕಾರಣವನ್ನು ಅರಿಯುವುದು ಔಷಧ ವಿಜ್ಞಾನಿಗಳ ಮುಂದಿದ್ದ ಸಮಸ್ಯೆಯಾಗಿತ್ತು.

ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅವರು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಬರ್ನಾರ್ಡ್ ಬ್ರೋಡಿಯವರ ಪ್ರಯೋಗಾಲಯದಲ್ಲಿ ಕೆಲಕಾಲ ಕೆಲಸ ಮಾಡಿ ಲುಂಡ್ ನಗರಕ್ಕೆ ಹಿಂದಿರುಗಿದರು. 1957ರಲ್ಲಿ ಅವರು ರೆಸರ್ಪಿನ್‌ನಿಂದ ಜಡವಾಗಿದ್ದ ಮೊಲಗಳಿಗೆ ಎಲ್-ಡೋಪ ಎಂಬ ಅಮೈನೋ ಆಮ್ಲವನ್ನು ಚುಚ್ಚಿದಾಗ ಅವು ಅಲ್ಪ ಸಮಯದಲ್ಲಿಯೇ ಎದ್ದು ಓಡಾಡಿದವು. ಮರುವರ್ಷ, ಮೆದುಳಿನಲ್ಲಿ ಡೋಪಮೀನ್ ಸ್ವತಂತ್ರವಾಗಿಯೇ ಇದೆಯೆಂಬುದನ್ನು ಅವರ ತಂಡ ತೋರಿಸಿತು. ಆದರೆ 1960ರಲ್ಲಿ ಲಂಡನ್ನಿನಲ್ಲಿ ನಡೆದ ವಿಚಾರಗೋಷ್ಠಿಯಲ್ಲಿ ಅಂದಿನ ಹಿರಿಯ ಶರೀರಕ್ರಿಯಾ ವಿಜ್ಞಾನಿಗಳು ಈ ಅಭಿಪ್ರಾಯವನ್ನು ಸಂದೇಹದಿಂದಲೇ ನೋಡಿದರು. ಕಾರ್ಲ್‌ಸನ್ ಅವರಿಗೆ ನೊಬೆಲ್ ಪ್ರಶಸ್ತಿ ದೊರೆತದ್ದು 2000ದಲ್ಲಿ, ಪಾಲ್ ಗ್ರೀನ್‌ಗಾರ್ಡ್ ಮತ್ತು ಎರಿಕ್ ಕ್ಯಾಂಡೆಲ್ ಅವರೊಂದಿಗೆ.

ಔಷಧವಾಗಿ ಎಲ್-ಡೋಪ

ಎಲ್-ಡೋಪ ವಸ್ತುವಿನ ಇತಿಹಾಸವೂ ಇಷ್ಟೇ ದೀರ್ಘವಾದುದು. 1913ರಲ್ಲಿ ಇದನ್ನು ಸ್ವಿಟ್ಜರ್ಲೆಂಡಿನಲ್ಲಿ ಒಂದು ಜಾತಿಯ ಅವರೆಯಿಂದ ಪ್ರತ್ಯೇಕಿಸಲಾಯಿತು. 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಭಾರತೀಯ ವಿಜ್ಞಾನಿಗಳು ಮದರಾಸಿನಲ್ಲಿ ನಸುಗುನ್ನಿಯ ಬೀಜಗಳಿಂದಲೂ ಇದನ್ನು ಪಡೆದರು. ಕನ್ನಡ ನಾಡಿನ ಬೇಲಿಗಳಲ್ಲಿ ಬೆಳೆಯುವ, ಮೈಗೆ ತಾಗಿದರೆ ತುರಿಕೆ ತರುವ ಬಳ್ಳಿಯೇ ಈ ನಸುಗುನ್ನಿ. ಆ ಹೊತ್ತಿಗೆ ಈ ರಾಸಾಯನಿಕದ ವೈದ್ಯಕೀಯ ಮಹತ್ವ ತಿಳಿದಿರಲಿಲ್ಲ.

1960ರಲ್ಲಿ ವಿಯೆನ್ನಾದ ಎರಿಂಗರ್ ಮತ್ತು ಹಾರ್ನಿಕೀವಿಚ್ ಅವರು ಪಾರ್ಕಿನ್ಸನ್ ಕಾಯಿಲೆಯಿಂದ ಮರಣಿಸಿದವರ ಮೆದುಳನ್ನು ಪರೀಕ್ಷಿಸಿ, ಅದರ ಕೆಲವು ಭಾಗಗಳಲ್ಲಿ ಡೋಪಮೀನ್ ತೀವ್ರವಾಗಿ ಕುಗ್ಗಿರುವುದನ್ನು ಕಂಡುಹಿಡಿದರು. 1961ರಲ್ಲಿ ಅಲ್ಲಿಯೇ ರೋಗಿಗಳಿಗೆ ಎಲ್-ಡೋಪ ಚುಚ್ಚುಮದ್ದು ನೀಡಲಾಯಿತು. ಆದರೆ ಅದರ ಪರಿಣಾಮ ಬಹುಕಾಲ ಉಳಿಯಲಿಲ್ಲ. 1967ರಲ್ಲಿ ಜಾರ್ಜ್ ಕಾಟ್ಸಿಯಾಸ್ ಅವರು ಔಷಧವನ್ನು ಬಾಯಿಯ ಮೂಲಕ, ಕ್ರಮೇಣ ಏರಿಸುತ್ತ, ಹೆಚ್ಚಿನ ಪ್ರಮಾಣದಲ್ಲಿ ನೀಡಿ ನಿರಂತರ ಸುಧಾರಣೆಯನ್ನು ಸಾಧಿಸಿದರು. 1970ರಲ್ಲಿ ಅಮೆರಿಕದಲ್ಲಿ ಈ ಔಷಧಕ್ಕೆ ಅನುಮತಿ ದೊರೆಯಿತು. ಇಂದಿಗೂ ಪಾರ್ಕಿನ್ಸನ್ ಚಿಕಿತ್ಸೆಯ ಮುಖ್ಯ ಆಧಾರ ಇದೇ.

ಕಾಟ್ಸಿಯಾಸ್ ಅವರು ಕೆಲಸ ಮಾಡುತ್ತಿದ್ದುದು ನರರೋಗಗಳಿಗೆ ಮೀಸಲಾದ ಸಂಸ್ಥೆಯಲ್ಲಿ ಅಲ್ಲ, ಅಮೆರಿಕದ ಪರಮಾಣು ಶಕ್ತಿ ಆಯೋಗದ ಹಣದಿಂದ ನಡೆಯುತ್ತಿದ್ದ ಬ್ರುಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ. ಗಣಿ ಕಾರ್ಮಿಕರಿಗೆ ತಗಲುವ ಮ್ಯಾಂಗನೀಸ್ ವಿಷದ ಅಧ್ಯಯನ ಅವರನ್ನು ಪಾರ್ಕಿನ್ಸನ್ ಕಾಯಿಲೆಯ ಕಡೆಗೆ ಕರೆತಂದಿತ್ತು. ರೋಗಿಗಳ ಮೆದುಳಿನಲ್ಲಿ ಕಳೆದುಹೋದ ಕಪ್ಪು ವರ್ಣದ್ರವ್ಯವನ್ನು ಮರಳಿ ತುಂಬಬೇಕೆಂಬುದು ಅವರ ಆರಂಭದ ಯೋಚನೆಯಾಗಿತ್ತು. ರೋಗದ ಹೆಸರನ್ನು ನಮೂದಿಸಿ, ಫಲಿತಾಂಶವನ್ನು ಮೊದಲೇ ಘೋಷಿಸಬೇಕಾದ ಅನುದಾನ ವ್ಯವಸ್ಥೆಯಲ್ಲಿ ಇಂಥ ಬಳಸುದಾರಿಗೆ ಅವಕಾಶ ದೊರೆಯುವುದು ಕಷ್ಟ.

ನರಸಂಧಿಗಳ ನಮ್ಯತೆ

ಎರಡು ನರಕೋಶಗಳ ನಡುವೆ ಸಂದೇಶ ದಾಟುವ ತಾಣವನ್ನು ನರಸಂಧಿ ಅಥವಾ ಸಿನಾಪ್ಸ್ ಎಂದು ಕರೆಯುತ್ತಾರೆ. ಬಳಕೆಗೆ ತಕ್ಕಂತೆ ಈ ಸಂಧಿ ಬಲಗೊಳ್ಳುವ ಅಥವಾ ದುರ್ಬಲಗೊಳ್ಳುವ ಗುಣವೇ ನರಸಂಧಿಯ ನಮ್ಯತೆ. ಒಟ್ಟಿಗೆ ಪ್ರಚೋದನೆಗೊಳ್ಳುವ ಕೋಶಗಳ ನಡುವಿನ ಸಂಬಂಧ ಗಟ್ಟಿಯಾಗುತ್ತದೆಂಬ ಊಹೆಯನ್ನು ಡೊನಾಲ್ಡ್ ಹೆಬ್ ಅವರು 1949ರಲ್ಲಿ ಮುಂದಿಟ್ಟಿದ್ದರು. ಟೆರ್ಯೆ ಲೋಮೊ ಅವರು 1966ರಲ್ಲಿ ಓಸ್ಲೋದಲ್ಲಿ ಇದಕ್ಕೆ ಪ್ರಾಯೋಗಿಕ ಸುಳಿವನ್ನು ಕಂಡರು; ಟಿಮ್ ಬ್ಲಿಸ್ ಅವರೊಂದಿಗೆ ನಡೆಸಿದ ಪ್ರಯೋಗಗಳು 1973ರಲ್ಲಿ ಪ್ರಕಟವಾದವು. ಮೊಲದ ಮೆದುಳಿನ ಹಿಪ್ಪೊಕ್ಯಾಂಪಸ್ ಭಾಗವನ್ನು ಕ್ಷಿಪ್ರವಾಗಿ ಪ್ರಚೋದಿಸಿದಾಗ ನರಸಂಧಿಗಳ ಬಲವರ್ಧನೆ ಗಂಟೆಗಟ್ಟಲೆ ಉಳಿಯುವುದೆಂಬುದು ಅವುಗಳ ಸಾರ. ಈ ಕ್ಷೇತ್ರದ ಸಾಧನೆಗಾಗಿ ಬ್ಲಿಸ್ ಅವರಿಗೆ ಕಾಲಿಂಗ್‌ರಿಜ್ ಮತ್ತು ಮಾರಿಸ್ ಅವರೊಂದಿಗೆ ಬ್ರೈನ್ ಪ್ರಶಸ್ತಿ ದೊರೆತದ್ದು 43 ವರ್ಷಗಳ ನಂತರ, 2016ರಲ್ಲಿ.

ಎರಿಕ್ ಕ್ಯಾಂಡೆಲ್ ಅವರು ಕಲಿಕೆಯ ಅಧ್ಯಯನಕ್ಕೆ ಸುಮಾರು 20,000 ನರಕೋಶಗಳುಳ್ಳ ಅಪ್ಲೀಸಿಯ ಎಂಬ ಕಡಲ ಮೃದ್ವಂಗಿಯನ್ನು ಆರಿಸಿಕೊಂಡರು. 1984ರಿಂದ ಅವರಿಗೆ ಬೆಂಬಲ ನೀಡಿದ ಹೋವರ್ಡ್ ಹ್ಯೂಸ್ ವೈದ್ಯಕೀಯ ಸಂಸ್ಥೆಯ ನೀತಿ ಯೋಜನೆಯನ್ನಲ್ಲ, ವಿಜ್ಞಾನಿಯನ್ನು ಆಯ್ದು ದೀರ್ಘಕಾಲ ಪೋಷಿಸುವುದಾಗಿದೆ.

ಡೋಪಮೀನ್ ಮತ್ತು ನಮ್ಯತೆಯ ಅಧ್ಯಯನಗಳು ಕ್ರಮೇಣ ಒಂದುಗೂಡಿದವು. ಕೋತಿಗಳ ಮೇಲಿನ ಪ್ರಯೋಗಗಳಲ್ಲಿ ವುಲ್ಫ್ರಾಮ್ ಶುಲ್ಟ್ಸ್ ಅವರು ಕಂಡಂತೆ, ಡೋಪಮೀನ್ ಕೋಶಗಳು ಪ್ರತಿಫಲಕ್ಕಷ್ಟೇ ಸ್ಪಂದಿಸುವುದಿಲ್ಲ. ನಿರೀಕ್ಷಿಸಿದ್ದಕ್ಕೂ ದೊರೆತದ್ದಕ್ಕೂ ಇರುವ ವ್ಯತ್ಯಾಸವನ್ನು ಸೂಚಿಸುತ್ತವೆ. 1997ರಲ್ಲಿ ಶುಲ್ಟ್ಸ್, ಡಯಾನ್ ಮತ್ತು ಮಾಂಟೆಗ್ ಅವರು ಇದನ್ನು ಗಣಕ ವಿಜ್ಞಾನದ ಒಂದು ಕಲಿಕಾ ಸೂತ್ರಕ್ಕೆ ಜೋಡಿಸಿದರು. ಆ ಸೂತ್ರವನ್ನು ರೂಪಿಸಿದ ಸಟನ್ ಮತ್ತು ಬಾರ್ಟೊ ಅವರ ಆರಂಭದ ಸಂಶೋಧನೆಗೆ ನೆರವಾದದ್ದು ಅಮೆರಿಕದ ವಾಯುಪಡೆಯ ಅನುದಾನ. 2014ರಲ್ಲಿ ಟೋಕಿಯೊದ ಸಂಶೋಧಕರು ಇಲಿಯ ಮೆದುಳಿನಲ್ಲಿ, ನರಸಂಧಿ ಪ್ರಚೋದನೆಗೊಂಡ ನಂತರದ ಸುಮಾರು 0.3ರಿಂದ 2 ಸೆಕೆಂಡುಗಳೊಳಗೆ ಡೋಪಮೀನ್ ಬಂದರೆ ಮಾತ್ರ ಅದು ಬಲಗೊಳ್ಳುತ್ತದೆಂದು ತೋರಿಸಿದರು. ಕ್ರಿಯೆಗೂ ಅದರ ಫಲಕ್ಕೂ ಮೆದುಳು ಸಂಬಂಧ ಕಲ್ಪಿಸುವ ಬಗೆ ಇದರಿಂದ ಸ್ಪಷ್ಟವಾಯಿತು. ವ್ಯಸನದ ಚಿಕಿತ್ಸೆಯನ್ನು ಕುರಿತ ಇಂದಿನ ಚಿಂತನೆಗೂ ಇದು ಉಪಯುಕ್ತವಾಗಿದೆ.

ಅನುದಾನದ ಏರಿಳಿತ

ಮೇಲಿನ ಪ್ರತಿಯೊಂದು ಹೆಜ್ಜೆಗೂ ದಶಕಗಳು ಹಿಡಿದಿವೆ. ಅನುದಾನಗಳ ಅವಧಿಯಾದರೋ ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಈ ಅಂತರದ ಪರಿಣಾಮವನ್ನು ಅಮೆರಿಕದ ಬ್ರೈನ್ ಇನಿಷಿಯೇಟಿವ್ ಯೋಜನೆಯಲ್ಲಿ ಕಾಣಬಹುದು. 2013ರಲ್ಲಿ ಘೋಷಣೆಯಾದ ಈ ಯೋಜನೆಗೆ 2016ರ ಕಾಯಿದೆಯೊಂದು ಹತ್ತು ವರ್ಷಗಳ ವಿಶೇಷ ನಿಧಿಯನ್ನು ಒದಗಿಸಿತು. ಆದರೆ ಆ ನಿಧಿಯ ಕಂತು ವರ್ಷದಿಂದ ವರ್ಷಕ್ಕೆ ಏರುಪೇರಾಗುವಂತಿತ್ತು. ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮೂಲಕ 2023ರಲ್ಲಿ 68 ಕೋಟಿ ಡಾಲರ್ ಪಡೆದಿದ್ದ ಯೋಜನೆ 2024ರಲ್ಲಿ 40.2 ಕೋಟಿಗೂ 2025ರಲ್ಲಿ 32.1 ಕೋಟಿಗೂ ಕುಸಿಯಿತು. ಇಂಥ ಕಡಿತದ ಮೊದಲ ಪೆಟ್ಟು ಬೀಳುವುದು ಹೊಸ ಅರ್ಜಿಗಳ ಮೇಲೆ, ಅಂದರೆ ವೃತ್ತಿಯ ಆರಂಭದಲ್ಲಿರುವ ಸಂಶೋಧಕರ ಮೇಲೆ. ತಳಿ ಪ್ರಾಣಿಗಳನ್ನು ಸಾಕಿ, ಉಪಕರಣ ಕೂಡಿಸಿ, ತಂಡವನ್ನು ತರಬೇತುಗೊಳಿಸಿದ ಪ್ರಯೋಗಾಲಯ ಒಮ್ಮೆ ಮುಚ್ಚಿದರೆ, ಮರುವರ್ಷ ಹಣ ಬಂದರೂ ಹಿಂದಿನ ಸ್ಥಿತಿಗೆ ಬರುವುದಿಲ್ಲ.

ಭಾರತ ಮತ್ತು ಕರ್ನಾಟಕದ ಸಂದರ್ಭ

ಭಾರತವು ಸಂಶೋಧನೆ ಮತ್ತು ಅಭಿವೃದ್ಧಿಗೆ ವ್ಯಯಿಸಿದ ಮೊತ್ತ 2020-21ರಲ್ಲಿ ಒಟ್ಟು ಆಂತರಿಕ ಉತ್ಪನ್ನದ ಶೇಕಡ 0.64ರಷ್ಟಿತ್ತು. 2023ರ ಕಾಯಿದೆಯ ಮೂಲಕ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಸ್ಥಾಪನೆಯಾಯಿತು. ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿಗಳ ಗುರಿಯನ್ನು ಅದು ಹೊಂದಿದ್ದು, ಇದರ ಬಹುಭಾಗ ಸರ್ಕಾರೇತರ ಮೂಲಗಳಿಂದ ಬರಬೇಕೆಂಬುದು ನಿರೀಕ್ಷೆ. ಖಾಸಗಿ ಹಣ ಬೇಗ ಫಲ ಕಾಣುವ ವಿಷಯಗಳತ್ತ ಸಹಜವಾಗಿಯೇ ವಾಲುವುದರಿಂದ ಮೂಲ ಸಂಶೋಧನೆಯ ಪಾಲನ್ನು ಪ್ರತ್ಯೇಕವಾಗಿ ಕಾಯ್ದುಕೊಳ್ಳಬೇಕಾಗುತ್ತದೆ.

ದೀರ್ಘಾವಧಿಯ ಪೋಷಣೆಗೆ ಕರ್ನಾಟಕದಲ್ಲಿಯೇ ಉದಾಹರಣೆಗಳಿವೆ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರವು ಪರಮಾಣು ಶಕ್ತಿ ಇಲಾಖೆಯ ಆಶ್ರಯದಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅಂಗ. ಅಲ್ಲಿ ಸುಮಂತ್ರ ಚಟರ್ಜಿ ಅವರ ತಂಡವು 2002ರಲ್ಲಿ, ದೀರ್ಘಕಾಲದ ಒತ್ತಡದಿಂದ ಇಲಿಯ ಹಿಪ್ಪೊಕ್ಯಾಂಪಸ್ಸಿನ ನರಕೋಶಗಳ ಶಾಖೆಗಳು ಕುಗ್ಗಿದರೆ ಭಯಕ್ಕೆ ಸಂಬಂಧಿಸಿದ ಅಮಿಗ್ಡಲ ಭಾಗದಲ್ಲಿ ಅವು ಬೆಳೆಯುತ್ತವೆಂದು ತೋರಿಸಿತು. ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಲ್ಲಿ ಆರಂಭವಾದ ಮೆದುಳು ಅಂಗಾಂಶ ಭಂಡಾರವು ಹಾರ್ನಿಕೀವಿಚ್ ಅವರು ನಡೆಸಿದಂಥ ಪರೀಕ್ಷೆಗಳಿಗೆ ಭಾರತೀಯರ ಅಂಗಾಂಶವನ್ನೇ ಒದಗಿಸಬಲ್ಲದು. ಪ್ರತೀಕ್ಷಾ ಟ್ರಸ್ಟ್ 225 ಕೋಟಿ ರೂಪಾಯಿಗಳ ನೆರವನ್ನು ಘೋಷಿಸಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೆಲೆಗೊಳಿಸಿದ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ವರ್ಷ ಮೀರಿದ ಗ್ರಾಮೀಣರನ್ನು ವರ್ಷಾನುಗಟ್ಟಲೆ ಅನುಸರಿಸುವ ಅಧ್ಯಯನವನ್ನು ಕೈಗೊಂಡಿದೆ. ಮೂರು ವರ್ಷಗಳ ಅನುದಾನದಿಂದ ಇಂಥ ಅಧ್ಯಯನ ಅಸಾಧ್ಯ.

ಉಪಸಂಹಾರ

ಈ ಪರಿಶೀಲನೆಯಿಂದ ಮೂರು ಅಂಶಗಳು ವಿದಿತವಾಗುತ್ತವೆ. ಒಂದು, ಡೋಪಮೀನ್ ಸಂಶೋಧನೆಯ ನಿರ್ಣಾಯಕ ಹೆಜ್ಜೆಗಳಲ್ಲಿ ಹಲವು, ರೋಗಚಿಕಿತ್ಸೆಯನ್ನು ಉದ್ದೇಶಿಸದ ಹಣದಿಂದ ಸಾಧ್ಯವಾದವು. ಎರಡು, ಆ ಜ್ಞಾನ ರೋಗಿಯನ್ನು ತಲುಪಲು ಆಸ್ಪತ್ರೆ ಹಾಗೂ ಔಷಧ ಪ್ರಯೋಗಗಳಿಗಾಗಿ ಬೇರೆ ಬಗೆಯ ಹಣ ಬೇಕಾಯಿತು. ಒಂದು ಮತ್ತೊಂದಕ್ಕೆ ಬದಲಿಯಾಗಲಾರದು. ಮೂರು, ಅನುದಾನದ ಮೊತ್ತದಷ್ಟೇ ಅದರ ಸಾತತ್ಯವೂ ಮುಖ್ಯ. ಎಲ್-ಡೋಪ ರೋಗಲಕ್ಷಣಗಳನ್ನು ತಗ್ಗಿಸುತ್ತದೆಯೇ ಹೊರತು ನರಕೋಶಗಳ ನಾಶವನ್ನು ತಡೆಯುವುದಿಲ್ಲ. ಆ ನಾಶವನ್ನು ತಡೆಯುವ ಮಾರ್ಗ ಇನ್ನೂ ದೊರೆಯಬೇಕಾಗಿದೆ. ಅದು ಪಾರ್ಕಿನ್ಸನ್ ಕಾಯಿಲೆಯ ಹೆಸರನ್ನೇ ಹೊರದ ಯಾವುದೋ ಒಂದು ಯೋಜನೆಯಿಂದ ದೊರೆಯಬಹುದೆಂಬ ಸಾಧ್ಯತೆಯನ್ನು ಅನುದಾನ ನೀಡುವ ಸಂಸ್ಥೆಗಳು ಗಮನದಲ್ಲಿಟ್ಟುಕೊಳ್ಳುವುದು ಅವಶ್ಯ.