ನಿಂತೇ ಇರುವ ಎತ್ತು

ಸೆಗಣಿ ಬಾಚಲು ಸುಲಭವಾಗಲೆಂದು ಎರಡು ವರ್ಷದ ಹಿಂದೆ ಕೊಟ್ಟಿಗೆಗೆ ಚಪ್ಪಡಿ ಕಲ್ಲು ಹಾಸಿಸಿದೆ. ಆ ಮುಂಗಾರಿನಲ್ಲಿ ಕುಂಟೆ ಹೊಡೆಯುವಾಗ ಎಡದೆತ್ತು ಹತ್ತು ಗಂಟೆಗೇ ನಿಂತುಬಿಡುತ್ತಿತ್ತು. ಮೈಗಳ್ಳ ಅಂತ ಬಾರುಕೋಲಿನಿಂದ ಬಾರಿಸಿದೆ. ಒಂದು ರಾತ್ರಿ ಎದ್ದು ನೋಡಿದರೆ ಎತ್ತು ನಿಂತೇ ಇದೆ! ಮರುರಾತ್ರಿಯೂ ಹಾಗೇ.

ದನಕ್ಕೆ ನಿದ್ದೆ ಕಡಿಮೆ. ದಿನಕ್ಕೆ ಸುಮಾರು 4 ತಾಸು, ಅದೂ ತುಂಡು ತುಂಡಾಗಿ. ಆದರೆ ಮಲಗಿರುವುದಕ್ಕೆ 10-12 ತಾಸು ಬೇಕು. 7-8 ತಾಸಿನ ಮೆಲುಕೂ ಹೆಚ್ಚಾಗಿ ಮಲಗಿದಾಗಲೇ. ಕುದುರೆಗೆ ಕಾಲಿನ ಕೀಲು ಬಿಗಿದು ನಿಲ್ಲುವ ಏರ್ಪಾಡಿದೆ, ನಿಂತೇ ತೂಕಡಿಸುತ್ತದೆ. ಕೋಳಿ ಒಂದು ಕಣ್ಣು ತೆರೆದುಕೊಂಡೂ ನಿದ್ದೆ ಮಾಡೀತು. ಎತ್ತಿಗೆ ಹಾಗಲ್ಲ. ಮಲಗಿ, ಕತ್ತನ್ನು ಪಕ್ಕೆಗೆ ತಿರುಗಿಸಿ ಇಟ್ಟರೇ ಅದಕ್ಕೆ ಗಾಢ ನಿದ್ದೆ.

ಏಳುವಾಗ ಎತ್ತು ಮುಂಗಾಲಿನ ಮಂಡಿಯೂರಿ, ತಲೆ ಮುಂದಕ್ಕೆ ಚಾಚಿ, ಮೊದಲು ಹಿಂಭಾಗ ಎತ್ತುತ್ತದೆ. ಗಂಜಲ ಬಿದ್ದ ಕಲ್ಲು ಜಾರುತ್ತದೆ, ಮಂಡಿ ತರಚುತ್ತದೆ. ಹಗ್ಗ ಗಿಡ್ಡವಾದರೆ ತಲೆ ಚಾಚಲಾಗದು. ಒಮ್ಮೆ ಜಾರಿ ಬಿದ್ದ ಎತ್ತು ಮತ್ತೆ ಮಲಗಲು ಅಂಜುತ್ತದೆ.

ನಾನು ಮಾಡಿದ್ದು ಇಷ್ಟೇ. ಗೋದಲಿ ಕಡೆಯ ಕಲ್ಲು ಕಿತ್ತು ಮಣ್ಣು ತುಂಬಿ ಬಡಿದೆ. ಹಗ್ಗ ಒಂದು ಮೊಳ ಉದ್ದ ಬಿಟ್ಟೆ. ತಿಂದುಳಿದ ಕಣಿಕೆಯನ್ನು ರಾತ್ರಿ ಹರಡುತ್ತೇನೆ, ಬೆಳಿಗ್ಗೆ ಅದು ತಿಪ್ಪೆಗೆ ಹೋಗುತ್ತದೆ. ಎಂಟು ದಿನದಲ್ಲಿ ಎತ್ತು ಮಲಗಿತು. ಆಮೇಲೆ ಮಧ್ಯಾಹ್ನದವರೆಗೂ ಕುಂಟೆ ಎಳೆಯಿತು.

ನಿಮ್ಮ ಎತ್ತಿನ ಮಂಡಿಯ ಕೂದಲು ಸವೆದಿದೆಯೇ? ಮೆಲುಕು ಹಾಕುವಾಗಲೂ ನಿಂತೇ ಇರುತ್ತದೆಯೇ? ಬಾರುಕೋಲು ಎತ್ತುವ ಮೊದಲು ಒಂದು ರಾತ್ರಿ ಸದ್ದು ಮಾಡದೆ ಕೊಟ್ಟಿಗೆಗೆ ಹೋಗಿ ನೋಡಿ. ನಾನು ಹೋದದ್ದು ತಡವಾಗಿ. ಅಷ್ಟರಲ್ಲಿ ಆ ಮೂಕಪ್ರಾಣಿ ನನ್ನ ತಪ್ಪಿಗೆ ಪೆಟ್ಟು ತಿಂದಾಗಿತ್ತು.